ಪೊರೆಗೆ ಬಿಪಿ ಗುಳಿಗೆಯನ್ನು ಬೈಯುವ ಮುನ್ನ ಡ್ರಾಪ್ಸ್ ಬಾಟಲಿ ತಿರುಗಿಸಿ ನೋಡಿ

ಮಾನ್ಯ ಸಂಪಾದಕರೇ,

‘ಬಿಪಿ ಗುಳಿಗೆ ನುಂಗಿ ನುಂಗಿ ಕಣ್ಣಿಗೆ ಪೊರೆ ಬಂತು’ ಎಂಬ ಮಾತು ನಮ್ಮ ದಾವಣಗೆರೆ, ಚಿತ್ರದುರ್ಗ ಸೀಮೆಯಲ್ಲಿ ಬಸ್ ನಿಲ್ದಾಣದಿಂದ ಹಿಡಿದು ಮದುವೆ ಮನೆಯ ಪಂಕ್ತಿಯವರೆಗೆ ಎಲ್ಲ ಕಡೆ ಕೇಳಿಬರುತ್ತದೆ. ಶುಗರ್ ಗುಳಿಗೆ, ಕೊಲೆಸ್ಟ್ರಾಲ್ ಗುಳಿಗೆಗಳ ಮೇಲೂ ಇದೇ ಆರೋಪ. ಇದನ್ನು ನಂಬಿ ಗುಳಿಗೆ ಬಿಟ್ಟವರಿಗೆ ಪೊರೆಯೇನೂ ತಪ್ಪುವುದಿಲ್ಲ. ಲಕ್ವ, ಹೃದಯಾಘಾತ ಮಾತ್ರ ಹತ್ತಿರವಾಗುತ್ತವೆ. ನಿಜವಾಗಿಯೂ ಪೊರೆ ತರಬಲ್ಲ ಔಷಧ ಅದೇ ಮನೆಯ ಗೋಡೆಗೂಡಿನಲ್ಲಿ ಯಾರ ಅನುಮಾನಕ್ಕೂ ಸಿಗದೆ ಕುಳಿತಿರುತ್ತದೆ. ಹುಡುಗನ ಕಣ್ಣು ಕೆಂಪಾದಾಗ ತಂದ ಡ್ರಾಪ್ಸ್, ಮುಖಕ್ಕೆ ಹಚ್ಚುವ ಟ್ಯೂಬ್, ಮಂಡಿನೋವಿಗೆಂದು ಸಂತೆಯಲ್ಲಿ ಕೊಂಡ ಪುಡಿ, ಇವುಗಳಲ್ಲಿ ಇರಬಹುದಾದ ಸ್ಟೆರಾಯ್ಡ್, ಅಂದರೆ ಊತ, ಉರಿ, ಅಲರ್ಜಿಯನ್ನು ಥಟ್ಟನೆ ತಗ್ಗಿಸುವ ಔಷಧ, ಅದು. ಬೇಸಿಗೆಯ ಧೂಳು ಏಳುತ್ತಿದ್ದಂತೆ ಕಣ್ಣು ತುರಿಕೆಯ ಮಕ್ಕಳು ಮೆಡಿಕಲ್ ಶಾಪ್‌ಗಳ ಮುಂದೆ ನಿಲ್ಲುವುದರಿಂದ ಈ ವಿಷಯವನ್ನು ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇವೆ.

ಪೊರೆಗೆ ಅತಿ ದೊಡ್ಡ ಕಾರಣ ವಯಸ್ಸು. ಅರವತ್ತು ದಾಟಿದವರ ಪೊರೆಗೆ ಔಷಧವನ್ನು ಹುಡುಕಿಕೊಂಡು ಹೋಗಬೇಕಾದ ಸಂದರ್ಭ ಕಡಿಮೆ. ಬೀಡಿ ಸಿಗರೇಟು, ವರ್ಷಗಟ್ಟಲೆ ಬಿಸಿಲು, ಕಣ್ಣಿಗೆ ಬಿದ್ದ ಪೆಟ್ಟು, ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ ಅದನ್ನು ಬೇಗ ಕರೆತರುತ್ತವೆ. ಶುಗರ್ ಗುಳಿಗೆಯ ಮೇಲಿನ ದೂರು ತಲೆಕೆಳಗಾಗಿರುವುದು ಇಲ್ಲೇ. ರಕ್ತದಲ್ಲಿ ಏರಿದ ಸಕ್ಕರೆಯೇ ಕಣ್ಣಿನ ಮಸೂರದ (ಲೆನ್ಸ್) ಒಳಕ್ಕೂ ಇಳಿದು, ಅಲ್ಲಿ ನೀರು ಎಳೆದುಕೊಂಡು ಅದನ್ನು ಉಬ್ಬಿಸುತ್ತದೆ, ಕ್ರಮೇಣ ಮಬ್ಬಾಗಿಸುತ್ತದೆ. ಗುಳಿಗೆ ಬಿಟ್ಟರೆ ಆ ಕೆಲಸ ಇನ್ನಷ್ಟು ಚುರುಕಾಗುತ್ತದೆ. ಔಷಧದ ಕಡೆಗೆ ಬೆರಳು ತೋರಿಸಬೇಕಾದ್ದು ಇಪ್ಪತ್ತು, ಮೂವತ್ತು, ನಲವತ್ತರ ವಯಸ್ಸಿನಲ್ಲಿ ಅಥವಾ ಮಕ್ಕಳಲ್ಲಿ ಪೊರೆ ಕಂಡಾಗ. ಆಗ ಸಕ್ಕರೆ ಪರೀಕ್ಷೆಯ ಜೊತೆಗೇ ‘ಸ್ಟೆರಾಯ್ಡ್ ಏನಾದರೂ ಬಳಸಿದ್ದೀರಾ’ ಎಂದು ಕೇಳಬೇಕು.

ಕೊಲೆಸ್ಟ್ರಾಲ್ ಗುಳಿಗೆಯ ಮೇಲಿನ ಅನುಮಾನಕ್ಕೆ ಹಳೆಯದೊಂದು ಬೇರಿದೆ. 1960ರಲ್ಲಿ ಅಮೆರಿಕದಲ್ಲಿ ಟ್ರೈಪ್ಯಾರನಾಲ್ ಎಂಬ ಕೊಲೆಸ್ಟ್ರಾಲ್ ಇಳಿಸುವ ಔಷಧ ಮಾರುಕಟ್ಟೆಗೆ ಬಂತು. ಸೇವಿಸಿದವರಲ್ಲಿ ಪೊರೆ ಕಾಣಿಸಿಕೊಂಡು 1962ರಲ್ಲಿ ಅದನ್ನು ಹಿಂದಕ್ಕೆ ಪಡೆದರು. ಮುಂದೆ ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಗುಳಿಗೆಗಳು ಬಂದಾಗ ಅದೇ ಭಯ ಅವುಗಳ ಬೆನ್ನು ಹತ್ತಿತು. ಅಟೋರ್ವಾಸ್ಟಾಟಿನ್, ರೋಸುವಾಸ್ಟಾಟಿನ್‌ಗಳ ಬಗ್ಗೆ ಮನುಷ್ಯರಲ್ಲಿ ನಡೆದ ಅಧ್ಯಯನಗಳು ಒಂದಕ್ಕೊಂದು ಹೊಂದುವುದಿಲ್ಲ: ಕೆಲವು ಸಣ್ಣ ಹೆಚ್ಚಳ ಕಂಡಿವೆ, ಕೆಲವು ಏನನ್ನೂ ಕಂಡಿಲ್ಲ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಇಷ್ಟು ಸಡಿಲ ಸಾಕ್ಷ್ಯ ನಂಬಿ ಮಾತ್ರೆ ಬಿಡುವುದು ಶುದ್ಧ ಅವಿವೇಕ. ಪೊರೆಯನ್ನು ಅರ್ಧ ಗಂಟೆಯೊಳಗೆ ತೆಗೆದು ಹಾಕಬಹುದು, ಸತ್ತ ಹೃದಯದ ಸ್ನಾಯುವನ್ನು ಮರಳಿ ತರಲಾಗದು. ಪೊರೆ ತಂದಿದ್ದಕ್ಕೆ ಕುಖ್ಯಾತವಾದ ಇನ್ನೊಂದು ಹಳೆಯ ಔಷಧ ಡೈನೈಟ್ರೋಫಿನಾಲ್. 1930ರ ದಶಕದಲ್ಲಿ ತೂಕ ಇಳಿಸಲು ಅಮೆರಿಕದಲ್ಲಿ ಅದನ್ನು ಧಾರಾಳವಾಗಿ ತಿಂದರು, ಎಳೆಯ ವಯಸ್ಸಿನ ಹೆಂಗಸರ ಕಣ್ಣು ಮಂಜಾದವು. ‘ಫ್ಯಾಟ್ ಬರ್ನರ್’ ಎಂಬ ಹೆಸರಿನಲ್ಲಿ ಅದು ಇವತ್ತಿಗೂ ಆನ್‌ಲೈನ್‌ನಲ್ಲಿ ಕಳ್ಳದಾರಿಯಲ್ಲಿ ಸಿಗುತ್ತದೆ. ಕಣ್ಣು ಹೋಗುವ ಮೊದಲೇ ಮೈ ಕಾದು ಪ್ರಾಣ ಹೋದ ಉದಾಹರಣೆಗಳಿವೆ, ಜಿಮ್‌ಗೆ ಹೋಗುವ ಹುಡುಗರು ಇದನ್ನು ತಿಳಿದಿರಲಿ.

ಸ್ಟೆರಾಯ್ಡ್ ವಿಷಯದಲ್ಲಿ ಇಂಥ ಗೊಂದಲವಿಲ್ಲ. ಕೀಲುವಾತಕ್ಕೆ ದೀರ್ಘಕಾಲ ಸ್ಟೆರಾಯ್ಡ್ ಮಾತ್ರೆ ತೆಗೆದುಕೊಂಡವರಲ್ಲಿ ವಿಶಿಷ್ಟ ಬಗೆಯ ಪೊರೆ ಬರುತ್ತದೆಂದು 1960ರಲ್ಲೇ ವರದಿಯಾಯಿತು. ನಂತರದ ಅರವತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಅದನ್ನು ಯಾರೂ ಅಲ್ಲಗಳೆದಿಲ್ಲ.

ಆ ಪೊರೆ ಎಲ್ಲಿ ಕೂರುತ್ತದೆ ಎನ್ನುವುದು ಮುಖ್ಯ. ಕಣ್ಣಿನ ಮಸೂರದ ಸುತ್ತ ಪಾರದರ್ಶಕವಾದ ತೆಳು ಚೀಲವಿದೆ. ಆ ಚೀಲದ ಮುಂಭಾಗದ ಒಳಮೈಗೆ ಒಂದೇ ಪದರ ಜೀವಕೋಶಗಳ ಹೊದಿಕೆಯಿದೆ, ಹಿಂಭಾಗಕ್ಕೆ ಅದೂ ಇಲ್ಲ. ಸ್ಟೆರಾಯ್ಡ್ ಈ ಕೋಶಗಳ ಬೆಳವಣಿಗೆಯ ಶಿಸ್ತು ಕೆಡಿಸುತ್ತದೆ. ಅವು ಇರಬೇಕಾದ ಜಾಗ ಬಿಟ್ಟು ಹಿಂದಕ್ಕೆ ಸರಿದು, ಹಿಂಬದಿಯ ನಟ್ಟನಡುವೆ ಉಬ್ಬಿಕೊಂಡು ಗುಂಪುಗೂಡುತ್ತವೆ. ಮಸೂರದಲ್ಲಿ ರಕ್ತನಾಳಗಳಿಲ್ಲದ ಕಾರಣ ಅಲ್ಲಿ ಸೇರಿದ ಕಸವನ್ನು ಒಯ್ಯುವವರೂ ಇಲ್ಲ. ವಯಸ್ಸಿನ ಪೊರೆ ಮಸೂರದ ತಿರುಳಿನಿಂದಲೋ ಅಂಚಿನಿಂದಲೋ ಹೊರಟು ವರ್ಷಗಳ ಕಾಲ ತೆವಳುತ್ತದೆ. ಸ್ಟೆರಾಯ್ಡ್ ಪೊರೆ ನೇರ ದೃಷ್ಟಿಯ ಗೆರೆಯ ಮೇಲೇ ಚುಕ್ಕಿ ಇಡುತ್ತದೆ, ಆದ್ದರಿಂದ ಸಾಸಿವೆಗಿಂತ ಸಣ್ಣದಿದ್ದರೂ ತೊಂದರೆ ಕೊಡುತ್ತದೆ, ಕೆಲವೇ ತಿಂಗಳಲ್ಲಿ ಹೆಚ್ಚಾಗಬಹುದು.

ಲಕ್ಷಣಗಳೂ ಅದಕ್ಕೆ ತಕ್ಕಂತೆ ವಿಚಿತ್ರ. ಬಿಸಿಲಿಗೆ ಬಂದರೆ ಕಣ್ಣಪಾಪೆ ಕಿರಿದಾಗಿ, ಬೆಳಕೆಲ್ಲ ಆ ನಡುವಿನ ಚುಕ್ಕಿಯ ಮೂಲಕವೇ ಹಾದುಹೋಗಬೇಕಾಗುತ್ತದೆ. ಹಾಗಾಗಿ ಮಧ್ಯಾಹ್ನ ಹೊಲದಲ್ಲಿ ಮಂಜು, ಸಂಜೆ ಮನೆಯೊಳಗೆ ವಾಸಿ. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ರಾತ್ರಿ ಗಾಡಿ ಓಡಿಸುವವರಿಗೆ ಎದುರು ಲಾರಿಯ ದೀಪ ಒಡೆದು ಚದುರಿ ಕಣ್ಣು ಕುಕ್ಕುತ್ತದೆ. ದೂರದ ಬಸ್ಸಿನ ಬೋರ್ಡು ಓದಬಲ್ಲವರಿಗೆ ಕೈಯಲ್ಲಿರುವ ಪತ್ರಿಕೆ ಓದಲಾಗುವುದಿಲ್ಲ. ಕತ್ತಲು ಕೋಣೆಯಲ್ಲಿ ಅಕ್ಷರದ ಪಟ್ಟಿ ಓದಿಸಿ ‘ದೃಷ್ಟಿ ಸರಿ ಇದೆ’ ಎಂದು ಕಳಿಸಿಬಿಡುವ ಅಪಾಯ ಈ ಪೊರೆಯಲ್ಲಿ ಹೆಚ್ಚು. ಟಾರ್ಚ್ ಹಾಕಿ ನೋಡಿದರೂ ಕಾಣುವುದಿಲ್ಲ. ಪಾಪೆ ಅಗಲಿಸುವ ಹನಿ ಹಾಕಿ ಸ್ಲಿಟ್ ಲ್ಯಾಂಪ್ ಎಂಬ ಕಣ್ಣಿನ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಹನಿ ಹಾಕಿದ ಮೇಲೆ ನಾಲ್ಕರಿಂದ ಆರು ಗಂಟೆ ಹತ್ತಿರದ್ದು ಮಸುಕಾಗಿರುತ್ತದೆ, ಆ ದಿನ ಬೈಕ್ ತಾವೇ ಓಡಿಸಿಕೊಂಡು ಬರಬಾರದು.

ಇನ್ನು ಸ್ಟೆರಾಯ್ಡ್ ಮನೆಗೆ ಹೊಕ್ಕುವ ದಾರಿಗಳು. ಎಲ್ಲಕ್ಕಿಂತ ಮೋಸದ್ದು ಕಣ್ಣಿನ ಡ್ರಾಪ್ಸ್. ಚಳ್ಳಕೆರೆ, ಮೊಳಕಾಲ್ಮುರು, ಜಗಳೂರಿನಂಥ ಒಣ ಬಿಸಿಲಿನ ಕಡೆ ಐದರಿಂದ ಹದಿನೈದು ವರ್ಷದ ಮಕ್ಕಳಿಗೆ, ಅದರಲ್ಲೂ ಗಂಡು ಮಕ್ಕಳಿಗೆ, ವರ್ಷ ವರ್ಷವೂ ಬರುವ ಅಲರ್ಜಿಯ ಕಣ್ಣುರಿ ಒಂದಿದೆ. ವಿಪರೀತ ತುರಿಕೆ, ಹಗ್ಗದಂತೆ ಎಳೆ ಎಳೆಯಾಗಿ ಬರುವ ಬಿಳಿ ಪಿಸುರು, ಬಿಸಿಲಿಗೆ ಕಣ್ಣು ಬಿಡಲಾಗದಿರುವುದು, ಕರಿಗುಡ್ಡೆಯ ಸುತ್ತ ಕಂದು ಬಣ್ಣದ ಮಂದ ಪಟ್ಟಿ ಇದರ ಗುರುತು. ಮೆಡಿಕಲ್ ಶಾಪ್‌ನಲ್ಲಿ ‘ಕಣ್ಣು ಕೆಂಪಾಗಿದೆ’ ಎಂದರೆ ಎಷ್ಟೋ ಕಡೆ ಕೈಗೆ ಬರುವುದು ಆಂಟಿಬಯಾಟಿಕ್ ಮತ್ತು ಸ್ಟೆರಾಯ್ಡ್ ಬೆರೆಸಿದ ಹನಿ. ಒಂದೇ ದಿನದಲ್ಲಿ ಕೆಂಪು ಇಳಿಯುತ್ತದೆ, ತುರಿಕೆ ನಿಲ್ಲುತ್ತದೆ. ಬಿಟ್ಟರೆ ಮರಳುತ್ತದೆ. ಖಾಲಿ ಡಬ್ಬಿ ತೋರಿಸಿ ‘ಇದೇ ಕೊಡಿ’ ಎಂದು ಮತ್ತೆ ತರುತ್ತಾರೆ. ಅಷ್ಟು ಚೆನ್ನಾಗಿ ಕೆಲಸ ಮಾಡುವುದೇ ಇದರ ಅಪಾಯ.

ಬಾಟಲಿಯ ಲೆಕ್ಕದಿಂದಲೇ ಅಂದಾಜು ಮಾಡಬಹುದು. ಒಂದು ಹನಿ ಸುಮಾರು 0.05 ಮಿ.ಲೀ. ಅಂದರೆ 5 ಮಿ.ಲೀ. ಬಾಟಲಿಯಲ್ಲಿ ಸುಮಾರು 100 ಹನಿ. ಎರಡೂ ಕಣ್ಣಿಗೆ ದಿನಕ್ಕೆ ನಾಲ್ಕು ಸಲ ಒಂದೊಂದು ಹನಿ ಹಾಕಿದರೆ ಹನ್ನೆರಡು ದಿನಕ್ಕೆ ಒಂದು ಬಾಟಲಿ ಮುಗಿಯುತ್ತದೆ. ಮೂರು ಬಾಟಲಿ ಖಾಲಿಯಾಗಿದೆ ಎಂದರೆ ತಿಂಗಳು ದಾಟಿತೆಂದೇ ತಿಳಿಯಬೇಕು. ಪೊರೆಗೆ ತಿಂಗಳುಗಳು ಬೇಕಾಗಬಹುದು, ಕಣ್ಣಿನ ಒತ್ತಡ ಏರಲು ಅಷ್ಟೂ ಬೇಡ. ಸ್ಟೆರಾಯ್ಡ್ ಹನಿ ಹಾಕತೊಡಗಿದ ಎರಡರಿಂದ ಆರು ವಾರದೊಳಗೆ ಸುಮಾರು ಮೂವರಲ್ಲಿ ಒಬ್ಬರಿಗೆ ಒತ್ತಡ ಸ್ವಲ್ಪವಾದರೂ ಏರುತ್ತದೆ, ನೂರರಲ್ಲಿ ನಾಲ್ಕೈದು ಮಂದಿಗೆ ವಿಪರೀತ ಏರುತ್ತದೆ. ಸಾಮಾನ್ಯವಾಗಿ (ಮಿ.ಮೀ. ಪಾದರಸದ ಅಳತೆಯಲ್ಲಿ) 10ರಿಂದ 21 ಇರಬೇಕಾದ ಒತ್ತಡ ಅಂಥವರಲ್ಲಿ 30 ದಾಟುತ್ತದೆ. ನೋವಿರುವುದಿಲ್ಲ. ನರ ಸಾಯುತ್ತಾ ಬಂದು ದೃಷ್ಟಿ ಅಂಚಿನಿಂದ ಕಿರಿದಾಗುವುದು ಮಗುವಿಗೆ ತಿಳಿಯುವುದೂ ಇಲ್ಲ. ಪೊರೆ ತೆಗೆಯಬಹುದು. ಹೀಗೆ ಒತ್ತಡ ಏರಿ ಕಣ್ಣಿನ ನರ ಕೆಡುವ ಕಾಯಿಲೆಯಾದ ಗ್ಲಾಕೋಮಾದಲ್ಲಿ ಸತ್ತ ನರಕ್ಕೆ ಮದ್ದಿಲ್ಲ. ಎರಡೂ ಒಂದೇ ಬಾಟಲಿಯಿಂದ ಬರುತ್ತವೆ ಎನ್ನುವುದನ್ನು ಮಕ್ಕಳ ತಂದೆ ತಾಯಿ ಗಮನಿಸಬೇಕು.

ಗುರುತಿಸುವುದು ಹೇಗೆ? ಡಬ್ಬಿಯ ಮೇಲಿನ ದೊಡ್ಡ ಹೆಸರು ಬಿಟ್ಟು ಕೆಳಗಿನ ಸಣ್ಣಕ್ಷರದ ಸಂಯೋಜನೆಯ ಸಾಲು ಓದಿಸಬೇಕು. ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೊಲೋನ್, ಡೈಫ್ಲುಪ್ರೆಡ್ನೇಟ್, ಫ್ಲೋರೋಮೆಥೊಲೋನ್, ಲೋಟೆಪ್ರೆಡ್ನಾಲ್ ಇವುಗಳಲ್ಲಿ ಯಾವುದಿದ್ದರೂ ಅದು ಸ್ಟೆರಾಯ್ಡ್. ಕೊನೆಯ ಎರಡು ಸೌಮ್ಯವಾದವು, ಒತ್ತಡ ಏರಿಸುವುದು ಕಡಿಮೆ, ಆದರೆ ನಿರಪಾಯಕಾರಿ ಅಲ್ಲ. ಮಾಕ್ಸಿಫ್ಲಾಕ್ಸಾಸಿನ್, ಸಿಪ್ರೋಫ್ಲಾಕ್ಸಾಸಿನ್, ಟೋಬ್ರಾಮೈಸಿನ್, ಕ್ಲೋರಾಂಫೆನಿಕಾಲ್ ಹೆಸರುಗಳು ಆಂಟಿಬಯಾಟಿಕ್‌ಗಳದ್ದು. ಅವುಗಳ ಪಕ್ಕ ಇನ್ನೊಂದು ಹೆಸರಿದೆಯೇ ಎಂದು ನೋಡಬೇಕು. ಬ್ರ್ಯಾಂಡ್ ಹೆಸರಿನ ಬಾಲಕ್ಕೆ ‘ಡಿ’, ‘ಡೆಕ್ಸ್’, ‘ಪಿ’ ಎಂಬ ಅಕ್ಷರ ಅಂಟಿಕೊಂಡಿದ್ದರೆ ಬಹಳ ಸಲ ಸ್ಟೆರಾಯ್ಡ್ ಸೇರಿದೆ ಎಂದೇ ಅರ್ಥ. ಆದರೂ ಬಾಲವನ್ನು ನಂಬಿ ಕೂರದೆ ಸಂಯೋಜನೆಯನ್ನೇ ನೋಡುವುದು ಲೇಸು.

ಮಕ್ಕಳ ಈ ಕಣ್ಣಿನ ಅಲರ್ಜಿಗೆ ಬೇರೆ ದಾರಿ ಇದೆ. ದಿನಕ್ಕೆ ಮೂರು ನಾಲ್ಕು ಸಲ ತಣ್ಣೀರ ಬಟ್ಟೆ ಒತ್ತುವುದು, ಅಂಚು ಅಗಲವಾದ ಟೋಪಿ, ಕನ್ನಡಕ, ಸಂರಕ್ಷಕ ರಾಸಾಯನಿಕ ಇಲ್ಲದ ಕೃತಕ ಕಣ್ಣೀರು. ಔಷಧವೆಂದರೆ ಒಲೋಪಟಡಿನ್ (0.1 ಶೇಕಡದ್ದಾದರೆ ದಿನಕ್ಕೆರಡು ಸಲ, 0.2 ಶೇಕಡದ್ದಾದರೆ ಒಂದು ಸಲ) ಅಥವಾ ಕೀಟೋಟಿಫೆನ್. ಇವು ಸ್ಟೆರಾಯ್ಡ್ ಅಲ್ಲ, ಬೇಸಿಗೆ ಪೂರ್ತಿ ಹಾಕಬಹುದು. ಕೆಂಪು ಒಂದೇ ದಿನದಲ್ಲಿ ಇಳಿಯದ ಕಾರಣಕ್ಕೆ ‘ಈ ಡ್ರಾಪ್ಸ್ ಕೆಲಸ ಮಾಡಲ್ಲ’ ಎಂದು ಬಿಸಾಡುತ್ತಾರೆ, ಒಂದೆರಡು ವಾರ ತಾಳಬೇಕು. ಜೋರಿದ್ದರೆ ಕಣ್ಣಿನ ವೈದ್ಯರು ಸೈಕ್ಲೋಸ್ಪೋರಿನ್ ಹನಿ ಅಥವಾ ಟ್ಯಾಕ್ರೋಲಿಮಸ್ ಮುಲಾಮು ಬರೆಯುತ್ತಾರೆ. ಸ್ಟೆರಾಯ್ಡ್ ಹನಿಯೂ ಬೇಕಾಗುತ್ತದೆ, ಕರಿಗುಡ್ಡೆಗೆ ಹುಣ್ಣಾಗುವಷ್ಟಿದ್ದರೆ ಬೇಕೇ ಬೇಕು. ಆದರೆ ಮೊದಲ ವಾರ ಎಷ್ಟು, ಎರಡನೇ ವಾರ ಎಷ್ಟು, ನಿಲ್ಲಿಸುವುದು ಯಾವತ್ತು ಎಂದು ಚೀಟಿಯಲ್ಲಿ ಬರೆಸಿಕೊಂಡು, ಎರಡು ಮೂರು ವಾರಕ್ಕೊಮ್ಮೆ ಒತ್ತಡ ನೋಡಿಸುತ್ತಾ ಹಾಕಬೇಕು. ಹನಿ ಹಾಕಿದ ಕೂಡಲೇ ಮೂಗಿನ ಕಡೆಯ ಕಣ್ಣಂಚನ್ನು ಬೆರಳಿನಿಂದ ಒಂದೆರಡು ನಿಮಿಷ ಒತ್ತಿ ಹಿಡಿದರೆ ಔಷಧ ಗಂಟಲಿಗಿಳಿದು ಮೈಗೆ ಸೇರುವುದು ತಗ್ಗುತ್ತದೆ. ಒಂದು ಸಲಕ್ಕೆ ಒಂದೇ ಹನಿ ಸಾಕು, ಎರಡನೆಯದು ಕೆನ್ನೆಗೆ ಹರಿದುಹೋಗುತ್ತದೆ.

ಹಂಚಿಕೆಯ ಕೆಟ್ಟ ರೂಢಿಯೂ ಒಂದಿದೆ. ಅಜ್ಜಿಯ ಪೊರೆ ಆಪರೇಷನ್ ಆದ ಮೇಲೆ ಕೊಡುವ ಹನಿಯಲ್ಲಿ ಸ್ಟೆರಾಯ್ಡ್ ಇರುತ್ತದೆ. ಆಪರೇಷನ್ ಆದ ಕಣ್ಣಿಗೆ ಅದು ಅಗತ್ಯ, ನಾಲ್ಕಾರು ವಾರದಲ್ಲಿ ಕಡಿಮೆ ಮಾಡುತ್ತಾ ನಿಲ್ಲಿಸುತ್ತಾರೆ. ಉಳಿದದ್ದನ್ನು ಮೊಮ್ಮಗನ ಕೆಂಪು ಕಣ್ಣಿಗೋ, ಮೆಕ್ಕೆಜೋಳದ ಗರಿ ತಾಗಿದ ಮಗನ ಕಣ್ಣಿಗೋ ಹಾಕುತ್ತಾರೆ. ಗರಿ, ಭತ್ತದ ಹೊಟ್ಟು, ಕಬ್ಬಿನ ರವುದಿ ತಾಗಿದ ಕಣ್ಣಿನಲ್ಲಿ ಬೂಷ್ಟಿನ ಸೋಂಕು ಬೆಳೆಯುವ ಸಂಭವವಿದೆ, ಅಂಥಲ್ಲಿ ಸ್ಟೆರಾಯ್ಡ್ ಬಿದ್ದರೆ ಹುಣ್ಣು ಕರಿಗುಡ್ಡೆಯನ್ನೇ ತೂತು ಮಾಡಬಹುದು. ಪೊರೆಯ ಮಾತು ಆಮೇಲೆ. ಬಾಟಲಿಯ ಮುಚ್ಚಳ ತೆರೆದು ತಿಂಗಳಾದ ಮೇಲೆ ಅದರಲ್ಲಿ ಎಷ್ಟೇ ಉಳಿದಿದ್ದರೂ ಚೆಲ್ಲಬೇಕು.

ಎರಡನೆಯ ದಾರಿ ಚರ್ಮ. ಕಾಂಗ್ರೆಸ್ ಗಿಡ ನಮ್ಮ ಬದುಗಳಲ್ಲಿ, ಖಾಲಿ ಸೈಟುಗಳಲ್ಲಿ ಬೆಳೆದು ನಿಲ್ಲುವುದು ಎಲ್ಲರಿಗೂ ಗೊತ್ತು. ಅದರ ಪುಡಿ ಗಾಳಿಯಲ್ಲಿ ತೂರಿ ಬಂದು ಮುಖ, ಕಣ್ಣರೆಪ್ಪೆ, ಕತ್ತು, ಮೊಣಕೈ ಮಡಿಕೆಗಳಲ್ಲಿ ಎಬ್ಬಿಸುವ ತುರಿ ರೈತಾಪಿ ಜನರನ್ನು ವರ್ಷಗಟ್ಟಲೆ ಕಾಡುತ್ತದೆ. ಅದಕ್ಕೆ ತಾವಾಗಿಯೇ ತಂದು ಹಚ್ಚುವುದು ಬೀಟಾಮೆಥಾಸೋನ್, ಕ್ಲೊಬೆಟಾಸಾಲ್ ಟ್ಯೂಬ್‌ಗಳನ್ನು. ಕ್ಲೊಬೆಟಾಸಾಲ್ ಅತ್ಯಂತ ಪ್ರಬಲವಾದದ್ದು, ಅಂಗಾಲಿನಂಥ ದಪ್ಪ ಚರ್ಮಕ್ಕೆ ಸರಿ, ಮುಖಕ್ಕೆ ಸಲ್ಲದು. ಮೈಯಲ್ಲೆಲ್ಲ ಅತಿ ತೆಳುವಾದ ಚರ್ಮ ಕಣ್ಣರೆಪ್ಪೆಯದ್ದು. ಅಲ್ಲಿ ಹಚ್ಚಿದ್ದು ಒಳಗೂ ಇಳಿಯುತ್ತದೆ, ಕಣ್ಣಿಗೂ ಜಾರುತ್ತದೆ. ಬೆಳ್ಳಗಾಗಲೆಂದು ಹಚ್ಚುವ ಮೂರು ಔಷಧಗಳ ಮಿಶ್ರಣದ ಕ್ರೀಮ್‌ಗಳಲ್ಲಿ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಜೊತೆ ಮೊಮೆಟಾಸೋನ್ ಅಥವಾ ಫ್ಲುಯೊಸಿನೊಲೋನ್ ಇರುತ್ತದೆ, ಅವೂ ಸ್ಟೆರಾಯ್ಡ್‌ಗಳೇ. 2018ರಲ್ಲಿ ಕೇಂದ್ರ ಸರ್ಕಾರ ಹಚ್ಚುವ ಸ್ಟೆರಾಯ್ಡ್‌ಗಳನ್ನು ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು, ಅಂದರೆ ಚೀಟಿ ಇಲ್ಲದೆ ಮಾರುವಂತಿಲ್ಲ. ಟ್ಯೂಬಿನ ಲೇಬಲ್ ಮೇಲಿನ ಕೆಂಪು ಗೆರೆ ಹೇಳುವುದು ಅದನ್ನೇ. ಕಾಂಗ್ರೆಸ್ ಗಿಡದ ತುರಿಗೆ ಚರ್ಮರೋಗ ವೈದ್ಯರು ಅಜಥಯೋಪ್ರಿನ್ ಮಾತ್ರೆ, ಟ್ಯಾಕ್ರೋಲಿಮಸ್ ಮುಲಾಮುಗಳಿಂದ ಸ್ಟೆರಾಯ್ಡನ್ನು ಮಿತಗೊಳಿಸುತ್ತಾರೆ. ಅಜಥಯೋಪ್ರಿನ್‌ಗೆ ಆಗಾಗ ರಕ್ತಪರೀಕ್ಷೆ ಬೇಕು, ಅದನ್ನು ಅಂಗಡಿಯಿಂದ ನೇರ ತಂದು ತಿನ್ನುವಂತಿಲ್ಲ.

ಮೂರನೆಯದು ಕೀಲುನೋವು. 2006ರಲ್ಲಿ ರಾಜ್ಯದಲ್ಲಿ ಚಿಕೂನ್‌ಗುನ್ಯ ಹಬ್ಬಿದಾಗ ನಡೆಯಲಾಗದೆ ಕೂತವರು ಒಂದು ಇಂಜೆಕ್ಷನ್‌ಗೆ ಎದ್ದು ಓಡಾಡಿದ್ದನ್ನು ಹಳ್ಳಿಗಳು ಮರೆತಿಲ್ಲ. ಹೀಗೆ ದಿಢೀರನೆ ಎಬ್ಬಿಸುವ ಇಂಜೆಕ್ಷನ್ ಬಹಳ ಸಲ ಡೆಕ್ಸಾಮೆಥಾಸೋನ್. 2 ಮಿ.ಲೀ. ಬಾಟಲಿಯಲ್ಲಿ 8 ಮಿ.ಗ್ರಾಂ. ಇರುತ್ತದೆ, ಅದು ಪ್ರೆಡ್ನಿಸೊಲೋನ್ ಲೆಕ್ಕದಲ್ಲಿ 50 ಮಿ.ಗ್ರಾಂ.ಗೂ ಮೇಲು. ಮಾತ್ರೆಗಳ ತಾಕತ್ತನ್ನು ಹೀಗೆ ಹೋಲಿಸುತ್ತಾರೆ: ಪ್ರೆಡ್ನಿಸೊಲೋನ್ 5 ಮಿ.ಗ್ರಾಂ., ಮೀಥೈಲ್ ಪ್ರೆಡ್ನಿಸೊಲೋನ್ 4, ಡಿಫ್ಲಜಾಕಾರ್ಟ್ 6, ಡೆಕ್ಸಾಮೆಥಾಸೋನ್ 0.75 ಮಿ.ಗ್ರಾಂ. ಎಲ್ಲವೂ ಹೆಚ್ಚುಕಡಿಮೆ ಒಂದೇ. ‘ಅರ್ಧ ಮಿ.ಗ್ರಾಂ. ತಾನೇ’ ಎಂದು ತಿನ್ನುವ ಪುಟ್ಟ ಬೀಟಾಮೆಥಾಸೋನ್ ಗುಳಿಗೆ ಪ್ರೆಡ್ನಿಸೊಲೋನ್‌ನ ಸುಮಾರು 4 ಮಿ.ಗ್ರಾಂ.ಗೆ ಸಮ. ಪ್ರೆಡ್ನಿಸೊಲೋನ್ ದಿನಕ್ಕೆ 10 ಮಿ.ಗ್ರಾಂ. ದಾಟಿ ವರ್ಷಕ್ಕೂ ಮೀರಿ ಹೋದರೆ ಪೊರೆಯ ಸಂಭವ ಸ್ಪಷ್ಟವಾಗಿ ಏರುತ್ತದೆ. ಅದಕ್ಕಿಂತ ಕಡಿಮೆಯಿದ್ದರೆ ಬರುವುದೇ ಇಲ್ಲ ಎನ್ನುವ ಗೆರೆ ಮಾತ್ರ ಎಲ್ಲಿಯೂ ಇಲ್ಲ. ಮಕ್ಕಳಿಗೆ ಇನ್ನೂ ಬೇಗ. ವೈದ್ಯರು ಉಬ್ಬಸಕ್ಕೋ ಅಲರ್ಜಿಗೋ ಐದು ದಿನಕ್ಕೆ ಬರೆದ ಕೋರ್ಸಿನಿಂದ ಪೊರೆ ಬರುವುದಿಲ್ಲ, ಆ ಹೆದರಿಕೆ ಬೇಡ. ಅದೇ ಚೀಟಿಯನ್ನು ವರ್ಷಕ್ಕೆ ಹತ್ತು ಸಲ ಅಂಗಡಿಗೆ ಒಯ್ಯುವುದು ಬೇರೆ ಮಾತು.

ಚೀಟಿಯೇ ಇಲ್ಲದ ಪುಡಿ, ಉಂಡೆ, ಹೆಸರಿಲ್ಲದ ಗುಳಿಗೆ ಪೊಟ್ಟಣಗಳ ವಿಷಯ ಇನ್ನೂ ಕಷ್ಟ. ‘ನಾಟಿ ಔಷಧ, ಅಡ್ಡಪರಿಣಾಮ ಇಲ್ಲ’ ಎಂದು ಮಾರಿದ ಇಂಥವುಗಳಲ್ಲಿ ಡೆಕ್ಸಾಮೆಥಾಸೋನ್, ಪ್ರೆಡ್ನಿಸೊಲೋನ್ ಬೆರೆಸಿರುವುದು ನಮ್ಮ ದೇಶದ ಪ್ರಯೋಗಾಲಯಗಳಲ್ಲಿ ಮತ್ತೆ ಮತ್ತೆ ಸಿಕ್ಕಿಬಿದ್ದಿದೆ. ನಿಜವಾದ ಆಯುರ್ವೇದದ ವೈದ್ಯರಿಗೂ ಇದರಿಂದ ಕೆಟ್ಟ ಹೆಸರು. ಲೇಬಲ್ ಇಲ್ಲದ್ದನ್ನು ಓದುವುದು ಹೇಗೆ? ಮೈ ನೋಡಿ ಓದಬೇಕು. ವರ್ಷಗಳ ನೋವು ಎರಡೇ ದಿನದಲ್ಲಿ ಮಾಯ, ಬಿಟ್ಟ ಮೂರನೆಯ ದಿನಕ್ಕೆ ದುಪ್ಪಟ್ಟು. ಹಸಿವು ಜಾಸ್ತಿ, ಮುಖ ದುಂಡಗೆ ಊದುವುದು, ಕೈಕಾಲು ಸೊರಗಿ ಹೊಟ್ಟೆ ಬೆಳೆಯುವುದು, ಮುಟ್ಟಿದರೆ ಚರ್ಮ ಕಂದುವುದು, ಇದ್ದಕ್ಕಿದ್ದಂತೆ ಶುಗರ್ ಏರುವುದು. ಇವುಗಳಲ್ಲಿ ಎರಡು ಮೂರು ಸೇರಿದ್ದರೆ ಪುಡಿಯ ಪೊಟ್ಟಣ ಸಮೇತ ವೈದ್ಯರ ಬಳಿ ಹೋಗಬೇಕು.

ಹೆದರಿ ಒಂದೇ ಸಲಕ್ಕೆ ನಿಲ್ಲಿಸುವುದಂತೂ ಕೂಡದು. ಮೂತ್ರಪಿಂಡದ ಮೇಲಿರುವ ಗ್ರಂಥಿ ದಿನವೂ ತಯಾರಿಸುವ ಸ್ಟೆರಾಯ್ಡನ್ನು, ಹೊರಗಿನಿಂದ ಮೂರು ವಾರಕ್ಕಿಂತ ಹೆಚ್ಚು ಬರುತ್ತಿದ್ದರೆ, ತಯಾರಿಸುವುದನ್ನು ಬಿಟ್ಟುಬಿಡುತ್ತದೆ. ಹೊರಗಿನದೂ ಥಟ್ಟನೆ ನಿಂತರೆ ವಾಂತಿ, ಸುಸ್ತು, ಬಿಪಿ ಕುಸಿತ, ಕೆಲವೊಮ್ಮೆ ಪ್ರಾಣಾಪಾಯ. ವಾರಗಳ ಮೇಲೆ ಇಳಿಸುತ್ತಾ ಬರಬೇಕು, ಇಳಿಸುವ ಲೆಕ್ಕ ವೈದ್ಯರದ್ದೇ ಆಗಬೇಕು. ಮೂತ್ರಪಿಂಡದ ಕಾಯಿಲೆಯ ಮಕ್ಕಳು, ಮೈಯ ರಕ್ಷಣಾ ಶಕ್ತಿಯೇ ಮೈಮೇಲೆ ತಿರುಗಿಬೀಳುವ ಲೂಪಸ್ ಕಾಯಿಲೆ ಇರುವವರು, ಅಂಗಾಂಗ ಕಸಿಯಾದವರು, ಕುಷ್ಠರೋಗದ ಪ್ರತಿಕ್ರಿಯೆ ಇರುವವರು ಬಹಳ ಸಲ ಸ್ಟೆರಾಯ್ಡ್ ಬಿಡಲಾಗದ ಸ್ಥಿತಿಯಲ್ಲಿರುತ್ತಾರೆ. ಅವರು ಔಷಧ ಬಿಡಬೇಕಿಲ್ಲ, ಆರು ತಿಂಗಳಿಗೊಮ್ಮೆ ಪಾಪೆ ಅಗಲಿಸಿ ಪೊರೆ ಮತ್ತು ಒತ್ತಡ ಎರಡನ್ನೂ ನೋಡಿಸಿದರೆ ಸಾಕು.

ಇನ್ಹೇಲರ್ ಬಗ್ಗೆ ಒಂದು ಮಾತು. ಮಂಡಕ್ಕಿ ಭಟ್ಟಿಯ ಹೊಗೆ, ಅಕ್ಕಿ ಗಿರಣಿಯ ಧೂಳು, ಗಣಿ ಲಾರಿಗಳ ಕೆಂಧೂಳಿನ ನಡುವೆ ಉಬ್ಬಸ ಇರುವವರು ನಮ್ಮಲ್ಲಿ ಕಡಿಮೆಯಿಲ್ಲ. ಎಳೆದುಕೊಳ್ಳುವ ಸ್ಟೆರಾಯ್ಡ್‌ಗೂ (ಬುಡೆಸೊನೈಡ್, ಬೆಕ್ಲೊಮೆಥಾಸೋನ್, ಫ್ಲುಟಿಕಾಸೋನ್) ಪೊರೆಗೂ ನಂಟಿದೆ ಎಂದು ಆಸ್ಟ್ರೇಲಿಯಾದ ಬ್ಲೂ ಮೌಂಟನ್ಸ್ ಕಣ್ಣಿನ ಅಧ್ಯಯನ 1997ರಲ್ಲಿ ತೋರಿಸಿತು. ನಂಟು ಮುಖ್ಯವಾಗಿ ಹೆಚ್ಚಿನ ಪ್ರಮಾಣವನ್ನು ಬಹಳ ವರ್ಷ ಬಳಸಿದವರದ್ದು. ಇದನ್ನು ಓದಿ ಇನ್ಹೇಲರ್ ಎಸೆದವರು ದಮ್ಮು ಹೆಚ್ಚಾಗಿ ಮಾತ್ರೆ, ಇಂಜೆಕ್ಷನ್‌ಗೇ ಹೋಗಬೇಕಾಗುತ್ತದೆ. ಇನ್ಹೇಲರ್‌ನ ಅಳತೆ ಮೈಕ್ರೋಗ್ರಾಂನಲ್ಲಿ, ಮಾತ್ರೆಯದು ಮಿಲಿಗ್ರಾಂನಲ್ಲಿ, ಯಾವುದು ಕಣ್ಣಿಗೆ ಭಾರ ಎಂದು ಬೇರೆ ಹೇಳಬೇಕಿಲ್ಲ. ಸ್ಪೇಸರ್ (ಇನ್ಹೇಲರ್‌ಗೆ ಸಿಕ್ಕಿಸುವ ದಪ್ಪ ಕೊಳವೆ) ಹಾಕಿ ಎಳೆಯುವುದು, ಆಮೇಲೆ ಬಾಯಿ ಮುಕ್ಕಳಿಸಿ ಉಗುಳುವುದು, ಹತೋಟಿಗೆ ಬಂದ ಮೇಲೆ ಪ್ರಮಾಣ ಇಳಿಸಬಹುದೇ ಎಂದು ಕೇಳುವುದು, ಇಷ್ಟು ಮಾಡಿದರೆ ಆಯಿತು. ನೀಲಿ ಬಣ್ಣದ ಸಾಲ್ಬುಟಮಾಲ್ ಪಂಪಿನಲ್ಲಿ ಸ್ಟೆರಾಯ್ಡ್ ಇಲ್ಲ.

ಉಳಿದ ಔಷಧಗಳದ್ದು ಸಣ್ಣ ಪಾಲು. ಮಾನಸಿಕ ಕಾಯಿಲೆಗೆ ವರ್ಷಾನುಗಟ್ಟಲೆ ಕ್ಲೋರ್‌ಪ್ರೊಮಜಿನ್ ತೆಗೆದುಕೊಂಡವರ ಮಸೂರದ ಮುಂಭಾಗದಲ್ಲಿ ನಕ್ಷತ್ರದಾಕಾರದ ಕಣಗಳು ಕೂರುತ್ತವೆ, ಹೃದಯ ಬಡಿತ ಸರಿಪಡಿಸುವ ಅಮಿಯೊಡರೋನ್ ಕೂಡ ಹಾಗೆಯೇ, ಎರಡರಲ್ಲೂ ದೃಷ್ಟಿಗೆ ತೊಡಕಾಗುವುದು ಅಪರೂಪ. ಕ್ವೆಟಿಯಪಿನ್‌ನಿಂದ ನಾಯಿಗಳಲ್ಲಿ ಪೊರೆ ಕಂಡಿತ್ತು, ಮನುಷ್ಯರಲ್ಲಿ ಅದು ಖಚಿತವಾಗಿಲ್ಲ. ಕ್ಷಯದ ಎಥಾಂಬುಟಾಲ್, ಕೀಲುವಾತದ ಹೈಡ್ರಾಕ್ಸಿಕ್ಲೋರೊಕ್ವಿನ್ ಕಣ್ಣಿಗೆ ತೊಂದರೆ ಕೊಡಬಲ್ಲವು, ಆದರೆ ಮೊದಲನೆಯದು ಕಣ್ಣಿನ ನರಕ್ಕೆ, ಎರಡನೆಯದು ಅಕ್ಷಿಪಟಲಕ್ಕೆ. ಕ್ಷಯದ ಔಷಧ ತೆಗೆದುಕೊಳ್ಳುವಾಗ ಕೆಂಪು ಹಸಿರು ಬಣ್ಣ ಮಂಕಾದರೆ ‘ಪೊರೆ ಇರಬೇಕು’ ಎಂದು ಕಾಯದೆ ಅಂದೇ ತೋರಿಸಬೇಕು.

ಪೊರೆ ಬಂದೇಬಿಟ್ಟಿದ್ದರೆ ಅದನ್ನು ಕರಗಿಸುವ ಹನಿ ಇಲ್ಲ. ಜೇನು, ಈರುಳ್ಳಿ ರಸ ಕಣ್ಣು ಸುಡುತ್ತವೆಯೇ ಹೊರತು ಪೊರೆ ಮುಟ್ಟುವುದಿಲ್ಲ. ಸ್ಟೆರಾಯ್ಡ್ ನಿಲ್ಲಿಸಿದರೂ ಬಂದ ಪೊರೆ ಸಾಮಾನ್ಯವಾಗಿ ಹಿಂದೆ ಸರಿಯುವುದಿಲ್ಲ. ಆಪರೇಷನ್ನೇ ದಾರಿ, ‘ಬಲಿಯಲಿ’ ಎಂದು ಕಾಯಬೇಕಿಲ್ಲ. ದಾವಣಗೆರೆಯ ಚಿಗಟೇರಿ ಆಸ್ಪತ್ರೆ, ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಗಳಲ್ಲಿ ಕಣ್ಣಿನ ವಿಭಾಗಗಳಿವೆ. ಹೋಗುವಾಗ ಮನೆಯಲ್ಲಿರುವ ಅಷ್ಟೂ ಔಷಧ, ಟ್ಯೂಬ್, ಪುಡಿ ಒಂದು ಚೀಲಕ್ಕೆ ಹಾಕಿಕೊಂಡು ಹೋಗಬೇಕು. ಅದರಲ್ಲಿ ಪ್ರಾಸ್ಟೇಟ್ ಮಾತ್ರೆ (ಟಾಮ್ಸುಲೋಸಿನ್, ಸೈಲೊಡೋಸಿನ್) ಇದ್ದರೆ, ಎಂದೋ ನಿಲ್ಲಿಸಿದ್ದರೂ, ಬಾಯಿಬಿಟ್ಟು ಹೇಳಬೇಕು. ಅದು ಪೊರೆ ತರುವುದಿಲ್ಲ, ಆದರೆ ಆಪರೇಷನ್ ನಡುವೆ ಪಾಪೆ ಕುಗ್ಗಿ, ಅದರ ಸುತ್ತಲಿನ ಬಣ್ಣದ ಪರದೆ ಸಡಿಲವಾಗಿ ಅಲೆಯಾಡುವಂತೆ ಮಾಡುತ್ತದೆ. 2005ರಲ್ಲಿ ಇದು ಗೊತ್ತಾದಾಗಿನಿಂದ ವೈದ್ಯರು ಮುಂಚಿತವಾಗಿ ಸಿದ್ಧರಾಗುತ್ತಾರೆ, ಗೊತ್ತಿಲ್ಲದಿದ್ದರೆ ಮಾತ್ರ ಪೇಚಾಟ. ಆಸ್ಪಿರಿನ್, ಕ್ಲೊಪಿಡೊಗ್ರೆಲ್‌ನಂಥ ರಕ್ತ ತೆಳುವಾಗಿಸುವ ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸಿ ಬರಬಾರದು.

ಕೊನೆಯದಾಗಿ ಮೂರು ಕೋರಿಕೆ. ಔಷಧ ನಿಯಂತ್ರಣ ಇಲಾಖೆಯವರು ಬೇಸಿಗೆಯ ತಿಂಗಳುಗಳಲ್ಲಿ ಸ್ಟೆರಾಯ್ಡ್ ಹನಿ ಮತ್ತು ಮುಖದ ಟ್ಯೂಬ್‌ಗಳ ಮಾರಾಟದ ದಾಖಲೆಯನ್ನು ತಾಲ್ಲೂಕು ಕೇಂದ್ರಗಳಲ್ಲಾದರೂ ತಪಾಸಣೆ ಮಾಡಲಿ. ಶಾಲಾ ಕಣ್ಣು ತಪಾಸಣೆಯಲ್ಲಿ ಅಕ್ಷರ ಓದಿಸುವುದರ ಜೊತೆಗೆ ‘ಯಾವ ಡ್ರಾಪ್ಸ್ ಹಾಕುತ್ತೀಯ, ಎಷ್ಟು ತಿಂಗಳಿಂದ’ ಎಂಬ ಪ್ರಶ್ನೆ ಸೇರಿಸಲಿ, ತಿಂಗಳು ಮೀರಿದವರನ್ನು ಒತ್ತಡ ಪರೀಕ್ಷೆಗೆ ಕಳಿಸಲಿ. ಇನ್ನು ನಮ್ಮ ಮೆಡಿಕಲ್ ಶಾಪ್‌ನ ಬಂಧುಗಳಿಗೆ: ಸಂಯೋಜನೆಯ ಸಾಲು ಇರುವುದು ಇಂಗ್ಲಿಷ್‌ನಲ್ಲಿ, ಕೊಳ್ಳುವ ಎಷ್ಟೋ ಜನ ಓದುವುದು ಕನ್ನಡವನ್ನು ಮಾತ್ರ. ವೈದ್ಯರ ಚೀಟಿಗೆ ಸ್ಟೆರಾಯ್ಡ್ ಹನಿ ಕೊಡುವಾಗ ಡಬ್ಬಿಯ ಮೇಲೆ ಪೆನ್ನಿನಿಂದ ಕನ್ನಡದಲ್ಲಿ ‘ಸ್ಟೆರಾಯ್ಡ್ ಇದೆ’ ಎಂದೂ, ನಿಲ್ಲಿಸಬೇಕಾದ ತಾರೀಖನ್ನೂ ಬರೆದುಕೊಡಿ. ಚೀಟಿಯಲ್ಲಿ ಆ ತಾರೀಖು ಇಲ್ಲದಿದ್ದರೆ ಗಿರಾಕಿಯನ್ನು ವಾಪಸ್ ಕಳಿಸಿ ವೈದ್ಯರಿಂದ ಬರೆಸಿಕೊಂಡು ಬರಲು ಹೇಳಿ.

ಇತಿ,
ಕಣ್ಣಿನ ಆರೈಕೆ ಮತ್ತು ಔಷಧ ವಿತರಣೆಯಲ್ಲಿ ತೊಡಗಿರುವ ಗೆಳೆಯರ ಪರವಾಗಿ,
ದಾವಣಗೆರೆ